ಯಾರ ಪರಿಚಯ

ಮೂವತ್ತು ವರ್ಷ ಕಂಡವರ ಮಕ್ಕಳ ಮೂಗು ಒರೆಸಿದವಳ ಹತ್ತಿರ ಪೊಲೀಸರ ಕಾಗದ ಕೇಳಿದರೆ ಮೈ ಉರಿಯದೆ ಇನ್ನೇನಾದೀತು? ರೆಸಾರ್ಟಿಗೆ ರಜೆ ಕಳೆಯಲು ಬರುವ ಅಪ್ಪ ಅಮ್ಮಂದಿರು ಮಕ್ಕಳನ್ನು ದೊಡ್ಡಮ್ಮನ ಆಟದ ಕೋಣೆಯಲ್ಲಿ ಬಿಟ್ಟು, ತಿರುಗಿಯೂ ನೋಡದೆ ಈಜುಕೊಳಕ್ಕೆ ಓಡುತ್ತಿದ್ದರು. ಅಂಥ ನಂಬಿಕೆ. ಈಗ ಹೊಸ ನಿಯಮ ಬಂದಿತ್ತು: ಆ ಕೋಣೆಗೆ ಕಾಲಿಡುವ ಪ್ರತಿಯೊಬ್ಬರೂ ಪೊಲೀಸ್ ಪರಿಶೀಲನೆಯ ಪತ್ರ ಕೊಡಬೇಕು, ಜೊತೆಗೆ ಫೋನ್ ಮಾಡಿ ವಿಚಾರಿಸಲು ಇಬ್ಬರು ಪರಿಚಯದವರ ಹೆಸರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಗೊಣಗುತ್ತಲೇ ದೊಡ್ಡಮ್ಮ ಎಲ್ಲರಿಗಿಂತ ಮೊದಲು ತನ್ನದನ್ನು ತಂದುಕೊಟ್ಟಿದ್ದಳು.

ನಿಯಮ ಜಾರಿಗೆ ತಂದ ಹೊಸ ಅಧಿಕಾರಿಣಿಯನ್ನು ಎಲ್ಲರೂ ಬೆನ್ನ ಹಿಂದೆ ಕಾಗದದಮ್ಮ ಎನ್ನುತ್ತಿದ್ದರು. ಅವಳ ಪಟ್ಟಿಯಲ್ಲಿ ಇನ್ನು ಒಂದೇ ಒಂದು ಜಾಗ ಖಾಲಿ, ಬಲೂನ್ ಮಾಮನದು. ರಜೆಯ ದಿನಗಳಲ್ಲಿ ಸರಿಯಾಗಿ ನಾಲ್ಕಕ್ಕೆ ಬಂದು, ಬಲೂನು ತಿರುಚಿ ನಾಯಿ, ಮೊಲ ಮಾಡಿ, ಅದರ ಮೇಲೆ ಮಗುವಿನ ಹೆಸರನ್ನು ಗುಂಡಗೆ ಬರೆದುಕೊಡುವ ಮನುಷ್ಯ. ನಾಳೆ ನಾಳೆ ಎಂದು ಮೂರು ವಾರ ತಳ್ಳಿದ್ದ.

"ಅವನು ನಮ್ಮೋನು ಕಣಮ್ಮ. ಎಂಟು ವರ್ಷದಿಂದ ಬರ್ತಿದಾನೆ," ಎಂದಳು ದೊಡ್ಡಮ್ಮ.

"ಇರಬಹುದು ದೊಡ್ಡಮ್ಮ. ಮೊದಲು ಕರ್ಕೊಂಡು ಬಂದಿದ್ದು ಯಾರು? ಅವರನ್ನೇ ವಿಚಾರಿಸ್ತೀನಿ."

"ಮ್ಯಾನೇಜರು. ಇನ್ಯಾರು?"

ಒಂದು ಮಾತಿನಲ್ಲಿ ಮುಗಿಯಬೇಕಾದ ಕೆಲಸವೆಂದು ದೊಡ್ಡಮ್ಮ ತಾನೇ ಮ್ಯಾನೇಜರರ ಕೋಣೆಗೆ ಹೋದಳು. ಅವರು ಕನ್ನಡಕ ಮೇಲೆತ್ತಿದರು. "ನಾನಾ? ಅವನು ನಮ್ಮ ಅಡುಗೆಯವರ ನೆಂಟ ಅಲ್ವಾ?"

ಅಡುಗೆಮನೆಗೆ ಹೋಗಿ ಕೇಳಿದರೆ ಅಡುಗೆಯವನು ಸೌಟು ಹಿಡಿದೇ ನಕ್ಕ. "ನನ್ನ ನೆಂಟ ಆಗಿದ್ರೆ ಸುಮ್ನೆ ಬಿಡ್ತಿದ್ನಾ? ಪಾತ್ರೆ ತೊಳೆಸ್ತಿದ್ದೆ. ನಿಮ್ಮ ಕಡೆಯೋನು ಅಂತಲೇ ನಾವೆಲ್ಲ ಅಂದ್ಕೊಂಡಿದ್ದು."

ದೊಡ್ಡಮ್ಮ ಬಾಗಿಲ ಪಕ್ಕದ ಸ್ಟೂಲನ್ನು ಎಡವಿದಳು. "ಇದನ್ಯಾಕಪ್ಪ ದಾರಿಗೆ ಅಡ್ಡ ಇಟ್ಟಿದೀಯ?"

"ಅದು ನಿಮ್ಮ ಮೊಮ್ಮಗಳ ಸಿಂಹಾಸನ. ನಾಲ್ಕು ಹೊಡೀತು ಅಂದ್ರೆ ಬಂದು ಕೂತಿರ್ತಾಳೆ, ಬಟಾಣಿ ಬಿಡಿಸ್ತಾ."

ಅದು ಅವಳಿಗೆ ಗೊತ್ತಿತ್ತು. ಹೋದ ರಜೆಯಲ್ಲಿ ಬಲೂನಿಗೆ ಮೊದಲ ಸಾಲಿನಲ್ಲಿ ಕೂರುತ್ತಿದ್ದವಳು ಈ ಸಲ ನಾಲ್ಕರ ಹೊತ್ತಿಗೆ ಅಡುಗೆಮನೆಗೆ ಓಡುತ್ತಿದ್ದಳು. ಏಳು ತುಂಬಿತಲ್ಲ, ಹಟ ಶುರುವಾಗಿದೆ ಎಂದು ದೊಡ್ಡಮ್ಮ ನಿನ್ನೆಯಷ್ಟೇ ಅವಳನ್ನು ಗದರಿದ್ದಳು.

ಈಗ ದೊಡ್ಡಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ತೋಟದವನನ್ನು ಕೇಳಿದಳು, ಬಟ್ಟೆ ಒಗೆಯುವವಳನ್ನು ಕೇಳಿದಳು. ಎಲ್ಲರಿಗೂ ಅವನು ಗೊತ್ತು, ಯಾರಿಗೂ ಅವನ ಮನೆ ಗೊತ್ತಿಲ್ಲ. ಕೊನೆಗೆ ಗೇಟಿಗೆ ಹೋಗಿ, ಬಂದುಹೋದವರ ಹಳೆಯ ಪುಸ್ತಕಗಳನ್ನು ಕಾವಲುಗಾರನ ಕೈಲಿ ಅಟ್ಟದಿಂದ ಇಳಿಸಿದಳು. ಧೂಳಿಗೆ ಸೀನುತ್ತಾ ಇಬ್ಬರೂ ಎಂಟು ವರ್ಷ ಹಿಂದಿನ ಪುಟಗಳನ್ನು ತಿರುವಿದರು. ಅವನು ಮೊದಲು ಬಂದ ದಿನ ಸಿಕ್ಕಿತು. ಹೆಸರು, ಹೊತ್ತು, ಬಂದ ಕೆಲಸ. ಕೊನೆಯ ಕಾಲಮ್ಮಿನಲ್ಲಿ, 'ಯಾರ ಪರಿಚಯ' ಎಂಬುದರ ಕೆಳಗೆ, ಬಲೂನುಗಳ ಮೇಲಿನ ಅದೇ ಗುಂಡು ಅಕ್ಷರದಲ್ಲಿ 'ದೊಡ್ಡಮ್ಮ' ಎಂದು ಬರೆದಿತ್ತು.

"ನೀವು ಹೇಳಿದೀರಿ ಅಂತ ತಾನೇ ನಾನು ಒಳಗೆ ಬಿಟ್ಟಿದ್ದು," ಎಂದ ಕಾವಲುಗಾರ.

ಆ ದಿನಕ್ಕೆ ಮುಂಚೆ ದೊಡ್ಡಮ್ಮ ಅವನ ಮುಖವನ್ನೇ ಕಂಡಿರಲಿಲ್ಲ. ಕೋಣೆಯ ಬಾಗಿಲಲ್ಲಿ ನಿಂತು, ಮ್ಯಾನೇಜರ್ ಕಳಿಸಿದ್ರು ಎಂದಿದ್ದ. ಅವಳ ಹೆಸರು ಹೇಳಿ ಗೇಟು ದಾಟಿ, ಮ್ಯಾನೇಜರರ ಹೆಸರು ಹೇಳಿ ಮಕ್ಕಳ ನಡುವೆ ಬಂದು ಕೂತಿದ್ದ. ಮೂವತ್ತು ವರ್ಷದಲ್ಲಿ ಗಳಿಸಿದ ಹೆಸರು ಅವನಿಗೆ ಬೀಗದ ಕೈಯಾಗಿತ್ತಲ್ಲ ಎಂದು ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

ನಾಲ್ಕಕ್ಕೆ ಅವನು ಬಂದ. ದೊಡ್ಡಮ್ಮ ಆಟದ ಕೋಣೆಯ ಅರೆಬಾಗಿಲಿಗೆ ಚಿಲಕ ಹಾಕಿ ಅಡ್ಡ ನಿಂತಿದ್ದಳು. ಹಿಂದೆ ಕಾಗದದಮ್ಮ.

"ಏನು ದೊಡ್ಡಮ್ಮ, ನನ್ನನ್ನೇ ನಿಲ್ಲಿಸ್ತೀರಾ? ಎಂಟು ವರ್ಷದಿಂದ ನೋಡ್ತಿಲ್ವಾ?"

"ನೋಡ್ತಿದ್ದೆ. ಕಣ್ಣಿದ್ದೂ ಕುರುಡಿ ಆಗಿದ್ದೆ. ಅವತ್ತು ನನ್ನ ಹೆಸರು ಯಾಕೆ ಬರೆದೆ?"

ಅವನ ನಗು ಸ್ವಲ್ಪವೂ ಮಾಸಲಿಲ್ಲ. "ಕಾಗದ ತಗೊಂಡೇ ಬರ್ತೀನಿ ಬಿಡಿ," ಎಂದು ಚೀಲ ಹೆಗಲಿಗೇರಿಸಿ ಹೊರಟ. ಜಗಳವಾಡಿದ್ದರೆ ಅವಳ ಮನಸ್ಸಿಗೆ ತುಸು ಹಗುರವಾಗುತ್ತಿತ್ತೇನೋ. ಒಂದು ಮಾತು ಎದುರಾಡದೆ, ಅವಸರವೂ ಇಲ್ಲದೆ ಗೇಟು ದಾಟಿಬಿಟ್ಟ. ಅವನ ಹೆಸರು, ಫೋಟೊ ಪೊಲೀಸರಿಗೆ ಕೊಡಲು ಕಾಗದದಮ್ಮ ಆಫೀಸಿಗೆ ನಡೆದಳು.

ಒಳಗೆ ಮಕ್ಕಳು ಬಲೂನು ಬೇಕೆಂದು ಮುಖ ಊದಿಸಿಕೊಂಡು ಕೂತಿದ್ದವು. ಅಷ್ಟರಲ್ಲಿ ಅಡುಗೆಮನೆಯ ಕಡೆಯಿಂದ ಮೊಮ್ಮಗಳು ಬಂದು, ಗೋಡೆಯ ಮರೆಯಲ್ಲೇ ನಿಂತು ಇಣುಕಿದಳು.

"ಅಜ್ಜಿ, ಮಾಮ ಹೋದ್ರಾ?"

"ಹೋದ ಕಣೆ."

"ನಾಳೆ?"

"ನಾಳೆನೂ ಬರಲ್ಲ."

ಹುಡುಗಿ ಅಂಗೈಯಲ್ಲಿದ್ದ ಬಟಾಣಿ ಕಾಳುಗಳನ್ನು ಅತ್ತಿತ್ತ ಉರುಳಿಸಿದಳು. "ಹಾಗಾದ್ರೆ ಇನ್ಮೇಲೆ ನಾನು ಇಲ್ಲೇ ಇರಬಹುದಾ?"

ದೊಡ್ಡಮ್ಮ ಚಿಲಕ ತೆಗೆದಳು. ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕೂತು, ಮೊಮ್ಮಗಳನ್ನು ಹತ್ತಿರ ಎಳೆದುಕೊಂಡಳು.

"ಇರು ಕಂದ," ಎಂದಳು. "ನಿನ್ನೆ ಬೈದಿದ್ದು ನನ್ನದೇ ತಪ್ಪು. ನೀನು ಹೇಳು, ಅಜ್ಜಿ ಕೇಳ್ತೀನಿ."