ಒಂದೇ ಪಾಸ್‌ವರ್ಡ್, ಅದೂ ರೇಡಿಯೋ ಅಕ್ಕನದು

ಆಸ್ಪತ್ರೆಯ ದಾಖಲಾತಿ ಕೌಂಟರಿನಲ್ಲಿ ಇಪ್ಪತ್ತಾರು ವರ್ಷದಿಂದ ಕೂತಿದ್ದ ಆಕೆಗೆ ರೇಡಿಯೋ ಅಕ್ಕ ಎಂದೇ ಹೆಸರು. ಬೆಳಗ್ಗೆ ಅವಳ ಕಿವಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ಮೂರೂ ಮಹಡಿ ಮುಟ್ಟುತ್ತಿತ್ತು. ಮನಸ್ಸಿನಲ್ಲಿ ಕಹಿಯಿಲ್ಲ, ಬಾಯಿಗೆ ಬೀಗವಿಲ್ಲ, ಅಷ್ಟೆ.

ಕಂಪ್ಯೂಟರಿಗೆ ಮಾತ್ರ ಏಳು ಬೀಗ. ರೋಗಿಯ ದಾಖಲೆಗೊಂದು ಪಾಸ್‌ವರ್ಡ್, ಖಾಲಿ ಹಾಸಿಗೆ ನೋಡಲೊಂದು, ರಕ್ತಪರೀಕ್ಷೆಯ ವರದಿಗೊಂದು, ರಜೆ ಅರ್ಜಿಗೊಂದು. ಎಲ್ಲವನ್ನೂ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಳು. "ಲೇ, ನನ್ನ ಮೂರನೇದು ಏನೇ?" ಎಂದು ಕೂಗಿದರೆ ಔಷಧಿ ಕೊಠಡಿಯಿಂದಲೇ ಉತ್ತರ ಬರುತ್ತಿತ್ತು.

ಒಂದು ದಿನ ಯಾರೋ ತುಂಟರು ಅವಳ ಹೆಸರಿನಲ್ಲಿ ರಜೆ ಕೇಳಿದರು: ‘ನನ್ನ ಎರಡನೇ ಮದುವೆ ಪ್ರಯುಕ್ತ ಮೂರು ದಿನ.’ ಮ್ಯಾನೇಜರು ಓದದೆಯೇ ಮಂಜೂರು ಮಾಡಿದರು.

"ನನ್ನೂ ಒಂದು ಮಾತು ಕರೆದಿದ್ರೆ ಬರ್ತಿದ್ದೆ," ಎಂದ ಮನೆಯಲ್ಲಿ ಸುದ್ದಿ ಕೇಳಿದ ಗಂಡ.

ಅವಳೂ ನಕ್ಕಳು. ಆದರೆ ಮಾರನೆಯ ದಿನ ಬಸ್ಸಿನಲ್ಲಿ ಕೂತಾಗ ಬೇರೊಂದು ಯೋಚನೆ ಬಂತು. ಅದೇ ಕೈ ರಜೆ ಅರ್ಜಿಯ ಬದಲು ಯಾವುದೋ ರೋಗಿಯ ರಕ್ತದ ಗುಂಪನ್ನು ತಿದ್ದಿದ್ದರೆ? ಹೋದವಳೇ ಕ್ಯಾಲೆಂಡರಿನ ಹಿಂದಿನ ಹಾಳೆ ಹರಿದು, ಕಂಪ್ಯೂಟರ್ ವಿಭಾಗದ ಹುಡುಗಿಯನ್ನು ಕರೆಸಿದಳು.

"ಅಕ್ಕಾ, ನಾವೂ ಅದನ್ನೇ ಬದಲಾಯಿಸ್ತಿದೀವಿ. ಇನ್ನು ಏಳು ಬೇಡ. ಒಂದು ಸಲ ಒಳಗೆ ಬಂದ್ರೆ ಎಲ್ಲಾ ಬಾಗಿಲೂ ತೆಗೆಯುತ್ತೆ."

"ಆ ಒಂದೇ ಕಳ್ಳರಿಗೆ ಸಿಕ್ಕಿದ್ರೆ ಏಳೂ ಹೋದ ಹಾಗಲ್ವೇನಮ್ಮಾ?"

"ಅದಕ್ಕೇ ನಿಮ್ಮ ಫೋನೂ ಹೂಂ ಅನ್ಬೇಕು. ಪಾಸ್‌ವರ್ಡ್ ಉದ್ದಕ್ಕಿರ್ಲಿ, ಒಂದಿಡೀ ವಾಕ್ಯ. ಯಾರಿಗೂ ಹೇಳ್ಬೇಡಿ. ನನಗೂ!" ಎಂದು ಹುಡುಗಿ ಮುಖ ತಿರುಗಿಸಿ ನಿಂತಳು.

ಪಕ್ಕದಲ್ಲಿದ್ದ ಎಕ್ಸ್‌ರೇಯವನು ಬಿದ್ದು ಬಿದ್ದು ನಕ್ಕ. "ರೇಡಿಯೋ ಅಕ್ಕನ ಹತ್ರ ಗುಟ್ಟಾ? ತೂತು ಕೊಡದಲ್ಲಿ ನೀರಿಟ್ಟ ಹಾಗೆ!"

ಅವಳು ಎರಡೇ ಬೆರಳಲ್ಲಿ ನಿಧಾನವಾಗಿ ಒತ್ತತೊಡಗಿದಳು. ಅರ್ಧ ವಾಕ್ಯಕ್ಕೆ ಬಂದಾಗ ತನ್ನಷ್ಟಕ್ಕೆ ತಾನೇ ಕಿಸಕ್ಕನೆ ನಕ್ಕಳು.

ಒಂದು ವಾರವಾದರೂ ಗುಟ್ಟು ಹೊರಬೀಳಲಿಲ್ಲ. ಗಂಡನಿಗೆ ತಡೆಯಲಾಗಲಿಲ್ಲ.

"ನನ್ನ ವಿಷಯಾನಾ?"

"ಇರಬಹುದು."

"ಒಳ್ಳೇದಾ, ಕೆಟ್ಟದ್ದಾ?"

"ಉದ್ದಕ್ಕಿದೆ."

ಯಾವುದಕ್ಕೂ ಇರಲಿ ಎಂದು ಆತ ನಾಲ್ಕು ದಿನ ತನ್ನ ತಟ್ಟೆಯನ್ನು ತಾನೇ ತೊಳೆದ. ಹೇಳದೆ ಇಟ್ಟುಕೊಂಡ ಮಾತಿಗೂ ಒಂದು ರುಚಿಯಿದೆಯೆಂದು ಅವಳಿಗೆ ಗೊತ್ತಾದದ್ದು ಆಗಲೇ.

ರಕ್ತಪರೀಕ್ಷೆಯ ಕೊಠಡಿಯಲ್ಲಿ ಒಬ್ಬಳು ಮಿತಭಾಷಿ ಇದ್ದಳು. ನಾಲ್ಕು ವರ್ಷದಲ್ಲಿ ಹೂಂ, ಉಹೂಂ ಬಿಟ್ಟು ಮೂರನೆಯ ಮಾತಾಡಿದವಳಲ್ಲ. ಒಂದು ಮಧ್ಯಾಹ್ನ ಬಂದು ಪಕ್ಕದಲ್ಲಿ ಕೂತಳು.

"ಅಕ್ಕಾ, ನಿಮಗೊಬ್ರಿಗೇ ಹೇಳ್ತಿದೀನಿ. ನಂಗೀಗ ಎರಡು ತಿಂಗಳು. ಹೋದ ಸಲ ನಮ್ಮನೆಯವ್ರು ನೆಂಟ್ರಿಗೆಲ್ಲಾ ಹೇಳಿ, ಆಮೇಲೆ ನಿಲ್ಲಲಿಲ್ಲ. ಪಾಸ್‌ವರ್ಡನ್ನೇ ಬಿಟ್ಟುಕೊಡದವರು ಇದನ್ನ ಬಿಟ್ಕೊಡಲ್ಲ ಅನ್ನಿಸ್ತು."

ರೇಡಿಯೋ ಅಕ್ಕ ಅವಳ ಕೈ ಹಿಡಿದಳು. "ನನ್ನ ಹೊಟ್ಟೇಲೇ ಇರುತ್ತೆ, ಹೋಗು."

ಮರುದಿನದಿಂದ ಮಿತಭಾಷಿ ಒಯ್ಯಬೇಕಿದ್ದ ರಕ್ತದ ಸೀಸೆಗಳ ಭಾರದ ಟ್ರೇಗಳನ್ನು ತಾನೇ ಹೊತ್ತು ಮೆಟ್ಟಿಲು ಹತ್ತಿದಳು. ಕೇಳಿದವರಿಗೆಲ್ಲ, "ಮೈ ಕರಗ್ಬೇಕಲ್ಲಪ್ಪಾ," ಎಂದಳು.

ನಾಲ್ಕನೆಯ ತಿಂಗಳಲ್ಲಿ ಮಿತಭಾಷಿ ತಾನಾಗಿಯೇ ಎಲ್ಲರಿಗೂ ಹೇಳಿದಳು. ಎಕ್ಸ್‌ರೇಯವನು ಏದುಸಿರು ಬಿಡುತ್ತಾ ಕೌಂಟರಿಗೆ ಓಡಿಬಂದ.

"ಅಕ್ಕಾ, ನಿಮಗೇ ಗೊತ್ತಿಲ್ದೇ ಇರೋ ಸುದ್ದಿ!"

"ಹೌದಾ? ಹೇಳು, ಹೇಳು," ಎಂದು ಅವಳು ಕಣ್ಣರಳಿಸಿ, ಗಲ್ಲಕ್ಕೆ ಕೈಕೊಟ್ಟು ಕೂತಳು.