ಕೋತಿಯ ಮಣ್ಣು

ಚನ್ನರಾಯಪಟ್ಟಣದ ರಾಜೀಮತಿಯವರು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಹಾಸನದ ಪತ್ರಿಕೆಯೊಂದಕ್ಕೆ ಪ್ರತಿ ಭಾನುವಾರ ಅಂಕಣ ಬರೆಯುತ್ತಿದ್ದರು. ರಾಜಕೀಯ, ಸಂಸ್ಕೃತಿ ಅಂತ ಶುರುವಾದ ಬರಹ ಎಲ್ಲೋ ನಡುವೆ ದನ, ನಾಯಿ, ಕಾಗೆಗಳ ಕಡೆ ಹೊರಳಿಬಿಡುತ್ತಿತ್ತು. ಚಿಕ್ಕಂದಿನಲ್ಲಿ ಅಜ್ಜಿ ಬಸದಿಯ ಮೆಟ್ಟಿಲ ಮೇಲೆ ಕೂರಿಸಿಕೊಂಡು ಮನಸ್ಸುಳ್ಳ ಜೀವ ಯಾವುದು, ಇಲ್ಲದ್ದು ಯಾವುದು ಎಂದು ಹೇಳಿಕೊಡುವಾಗ ಹಸು, ಕೋತಿಗಳನ್ನೆಲ್ಲ ಮನುಷ್ಯರ ಸಾಲಿನಲ್ಲೇ ಕೂರಿಸುತ್ತಿದ್ದಳು. ಆ ಮನಸ್ಸಿನೊಳಗೆ ಇರುವುದೇನು ಎಂದು ಮಾತ್ರ ಅಜ್ಜಿ ಹೇಳಿಕೊಟ್ಟಿರಲಿಲ್ಲ.

ಕಟ್ಟಾಯದ ಆಚೆಯ ಒಂದು ಹಳ್ಳಿಯಲ್ಲಿ ಮೇಷ್ಟ್ರ ಕೆಲಸದಲ್ಲಿದ್ದ ಅವರ ಹಳೆಯ ಶಿಷ್ಯೆ ಮೇಘಶ್ರೀ ಒಂದು ಬೆಳಿಗ್ಗೆ ಫೋನ್ ಮಾಡಿದಳು. ಹೆಣ್ಣು ಕೋತಿಯೊಂದು ಕರೆಂಟ್ ಹೊಡೆದು ಸತ್ತಿತ್ತು. ಊರಿನವರು ಮಣ್ಣು ಮಾಡಿ ಅಲ್ಲೇ ಆಂಜನೇಯನ ಗುಡಿ ಕಟ್ಟಿಸುತ್ತಾರಂತೆ. "ನೀವು ಪ್ರಾಣಿಗಳ ಬಗ್ಗೆ ಬರೀತೀರಲ್ಲ ಮೇಡಂ, ಬಂದು ಎರಡು ಮಾತಾಡಿ."

ರಾಜೀಮತಿ ಬಸ್ಸಿಳಿಯುವ ಹೊತ್ತಿಗೆ ಶಾಲೆಯ ಮುಂದೆ ಶಾಮಿಯಾನ ಎದ್ದಿತ್ತು. ಸತ್ತ ಕೋತಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕೇಸರಿ ಬಟ್ಟೆ ಹೊದಿಸಿ, ಹಣೆ ತುಂಬ ಕುಂಕುಮ ಬಳಿದಿದ್ದರು. ಎದುರಿಗೆ ಬಾಳೆಹಣ್ಣಿನ ಚಿಪ್ಪುಗಳು. ಎಲೆಕ್ಷನ್ ಹತ್ತಿರವಿದ್ದುದರಿಂದ ಊರ ಮುಖಂಡ ಕಾಂತರಾಜು ತನ್ನ ಪಕ್ಷದ ನಾಯಕರನ್ನು ಕರೆಸಿದ್ದ. ಅವರು ಬರುವವರೆಗೆ ಹೆಣ ಎತ್ತುವಂತಿರಲಿಲ್ಲ.

ಶಾಲೆಯ ಹೆಂಚಿನ ಮೇಲೆ ಉಳಿದ ಕೋತಿಗಳು ಕೂತಿದ್ದವು. ಕಿವಿ ಹರಿದ ಮುದಿ ಕೋತಿಯೊಂದು ಸೂರಿನ ಅಂಚಿಗೆ ಬಂದು ಕೆಳಗೆ ಬಗ್ಗಿ ನೋಡುತ್ತಿತ್ತು. ಅದು ಇಳಿಯಲು ಹೊರಟಾಗಲೆಲ್ಲ ಯಾರೋ ಪಟಾಕಿ ಹಚ್ಚಿ ಎಸೆಯುತ್ತಿದ್ದರು. ಅದು ಓಡಿಹೋಗಿ, ಹೊಗೆ ಆರಿದ ಮೇಲೆ ಮತ್ತೆ ಅಂಚಿಗೇ ಬರುತ್ತಿತ್ತು.

ಕಾಂತರಾಜು ಮೈಕು ಕೊಟ್ಟ. ರಾಜೀಮತಿ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಬಾಯಿಗೆ ಬರುವ ಮೊದಲೇ ಹಳಸಿದಂತಾದವು.

"ನಾವೆಲ್ಲ ಸ್ವಲ್ಪ ಹೊತ್ತು ಆಚೆ ಹೋಗೋಣ. ಅವು ಬಂದು ನೋಡಿಕೊಂಡು ಹೋಗಲಿ," ಎಂದರು.

ಜನ ಮುಖ ಮುಖ ನೋಡಿಕೊಂಡರು. "ಜನ ಚದುರೋಯ್ತಾರೆ ಮೇಡಂ, ಸಾಯೇಬ್ರು ಬರೋ ಟೈಮು," ಎಂದು ಕಾಂತರಾಜು ಕಿವಿಯಲ್ಲಿ ಪಿಸುಗುಟ್ಟಿದ. ಅಷ್ಟರಲ್ಲಿ ಮುಂದೆ ಕೂತಿದ್ದ ಜಯಲಕ್ಷ್ಮಮ್ಮ ಎದ್ದಳು. ಕೋತಿಗಳ ಕಾಟಕ್ಕೆ ತೋಟದಲ್ಲಿ ಎಳನೀರು ಉಳಿಯದೆ ದಿನಾ ಅವುಗಳಿಗೆ ಶಾಪ ಹಾಕುವ ಹೆಂಗಸು ಆಕೆ. "ಏಳ್ರಲಾ, ಒಸಿ ಸರೀರಿ. ನಮ್ಮನೇಲಿ ಯಾರಾನ ಸತ್ರೆ ನಮ್ಮುನ್ನ ನೋಡಕ್ಕೆ ಬುಡಕ್ಕಿಲ್ವಾ?" ಎಂದು ಸೊಸೆಯ ಕೈ ಹಿಡಿದು ನಡೆದಳು. ಒಬ್ಬೊಬ್ಬರಾಗಿ ಉಳಿದವರೂ ಹಿಂದೆ ಹೋದರು.

ಮುದಿ ಕೋತಿ ಇಳಿದು ಬಂತು. ಕುರ್ಚಿಯ ಸುತ್ತ ಸುಳಿಯಿತು. ಹೂವಿನ ಹಾರವನ್ನು ಎಳೆದು ಹಾಕಿತು, ಬಟ್ಟೆ ಸರಿಸಿತು. ಸತ್ತದ್ದರ ತೋಳಿನ ಕೂದಲು ಬಿಡಿಸಿ, ಹೇನು ಹುಡುಕುವಾಗ ಮಾಡುವಂತೆಯೇ, ಸಾವಕಾಶವಾಗಿ ನೋಡತೊಡಗಿತು. ಜನ ದೂರದಲ್ಲೇ ನಿಂತು ನೋಡಿದರು. ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಮೇಲೆ ಆ ಕೋತಿ ತಿರುಗಿ ಕೂತು, ಬಾಳೆಹಣ್ಣು ಕಿತ್ತು ಸುಲಿದು ತಿಂದಿತು. ಒಂದಾದ ಮೇಲೆ ಇನ್ನೊಂದು.

"ನೋಡ್ರಲಾ, ಬಾಳೆಣ್ಣಿಗೆ ಬಂದಿರೋದು ಅದು!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ರಾಜೀಮತಿಗೆ ಮುಖಕ್ಕೆ ಹೊಡೆದಂತಾಯಿತು. ಮರುಕ್ಷಣ, ಗಂಡ ಧನಂಜಯ್ ತೀರಿಕೊಂಡ ದಿನ ನೆನಪಾಯಿತು. ಸ್ಮಶಾನದಿಂದ ಎಲ್ಲರೂ ವಾಪಸು ಬಂದಾಗ ಪಕ್ಕದ ಮನೆಯವರು ಚಿತ್ರಾನ್ನ ತಂದಿಟ್ಟಿದ್ದರು. ತಮಗೆ ಎಂಥ ಹಸಿವಾಗಿತ್ತು! ಎರಡನೇ ಸಲ ಬಡಿಸಿಕೊಂಡು ಉಂಡಿದ್ದರು. ಅಂದು ಯಾರೂ ನಗಲಿಲ್ಲ. ಅವರ ದುಃಖ ಸುಳ್ಳೆಂದು ಯಾರೂ ಹೇಳಲಿಲ್ಲ.

ಜೀಪಿನ ಹಾರನ್ನು ಕೇಳಿಸಿತು. ಕೋತಿ ಒಂದೇ ನೆಗೆತಕ್ಕೆ ಸೂರು ಸೇರಿತು. ನಾಯಕರು ಇಳಿದು, ಹೊಸ ಹಾರ ಹಾಕಿ, ಕೈ ಮುಗಿದು, ಫೋಟೊ ತೆಗೆಸಿಕೊಂಡು, ಗುಡಿಗೆ ಅನುದಾನ ಘೋಷಿಸಿದರು. ತಮಟೆ ಬಡಿಯುತ್ತ ಕೋತಿಯನ್ನು ಕೆರೆ ಏರಿಯ ಪಕ್ಕ ಮಣ್ಣು ಮಾಡಿದರು.

ಬಸ್ ಸ್ಟಾಪಿನವರೆಗೆ ಬಿಡಲು ಬಂದ ಕಾಂತರಾಜು ಖುಷಿಯಲ್ಲಿದ್ದ. "ಇನ್ನೊಂದು ಕೆಲ್ಸಾನೂ ಆಯ್ತು ಮೇಡಂ. ಸೋಮವಾರ ಕೋತಿ ಇಡಿಯೋರು ಬೋನು ತಗಂಡ್ ಬತ್ತಾರೆ. ಉಳಿದವನ್ನೆಲ್ಲ ಇಡ್ಕೊಂಡೋಗಿ ಕಾಡಿಗೆ ಬುಡ್ತಾರೆ."

"ಒಂದಕ್ಕೆ ಗುಡಿ, ಉಳಿದವಕ್ಕೆ ಬೋನಾ?"

ಕಾಂತರಾಜು ಸಿಟ್ಟಾಗಲಿಲ್ಲ. "ತೆಂಗು ಒಂದೂ ಉಳೀತಿಲ್ಲ ಮೇಡಂ, ಜಯಲಕ್ಷ್ಮಮ್ಮುನ್ನೇ ಕೇಳಿ. ಸತ್ತಿದ್ದು ಆಂಜನೇಯ. ಬದುಕಿರೋವು ಕೋತಿ, ಅಷ್ಟೇಯ."

ಆತ ಸುಳ್ಳು ಹೇಳುತ್ತಿರಲಿಲ್ಲ. ಜಯಲಕ್ಷ್ಮಮ್ಮನ ನಷ್ಟವೂ ಸುಳ್ಳಲ್ಲ. ಬಸ್ಸು ಬಂದಾಗ ರಾಜೀಮತಿ ಹತ್ತಿ ಕೂತರು.

ಆ ವಾರದ ಅಂಕಣದಲ್ಲಿ ಅವರು ಕಂಡದ್ದನ್ನಷ್ಟೇ ಬರೆದರು. ಹಾರ ಎಳೆದದ್ದು, ಕೂದಲು ಬಿಡಿಸಿದ್ದು, ಹಣ್ಣು ತಿಂದದ್ದು, ಜನ ನಕ್ಕದ್ದು, ಕಾಂತರಾಜುವಿನ ಮಾತು. ಕೋತಿ ದುಃಖಪಟ್ಟಿತು ಎಂದು ಬರೆಯಲಿಲ್ಲ. ಪಡಲಿಲ್ಲ ಎಂದೂ ಬರೆಯಲಿಲ್ಲ. "ನಿಮ್ಮ ಅಭಿಪ್ರಾಯವೇ ಇಲ್ಲವಲ್ಲ ಮೇಡಂ?" ಎಂದು ಸಂಪಾದಕರು ಕೇಳಿದರು. "ಇದ್ದಿದ್ದರೆ ಬರೀತಿದ್ದೆ," ಎಂದರು ರಾಜೀಮತಿ.

ಸೋಮವಾರ ಬೋನು ಬಂತು. ಸಂಜೆಯೊಳಗೆ ಶಾಲೆಯ ಸೂರು ಖಾಲಿಯಾಯಿತೆಂದು ಮೇಘಶ್ರೀ ತಿಳಿಸಿದಳು. ಕೆಲವು ತಿಂಗಳ ಮೇಲೆ ಗುಡಿಯ ಪೂಜೆಗೆ ಕರೆಯಲು ಕಾಂತರಾಜು ಫೋನ್ ಮಾಡಿದ. ಅಂಕಣ ಓದಿ ಬೇಜಾರಾಗಿದ್ದರೂ ಅವನ ದನಿಯಲ್ಲಿ ಮರ್ಯಾದೆಯಿತ್ತು.

"ಗುಡಿಗೆ ಬರಲ್ಲ ಕಾಂತರಾಜು. ಅವನ್ನ ಬಿಟ್ಟ ಕಾಡು ಯಾವುದು ಹೇಳಿ, ಅಲ್ಲಿಗೆ ಹೋಗಿ ಬರ್ತೀನಿ."



"ಅದು ನಮ್ಗೂ ಗೊತ್ತಿಲ್ಲ ಮೇಡಂ," ಎಂದ ಕಾಂತರಾಜು. "ಯಾರೂ ಕೇಳ್ಲಿಲ್ಲ."