ಪಾಳಿ ಹಚ್ಚಿದ ಚಪ್ಪಲಿ

ಬೆಳಿಗ್ಗೆ ಐದಕ್ಕೇ ಏಳಬೇಕೆಂದು ಸುವರ್ಣಾ ಮೊಬೈಲಿನಲ್ಲಿ ಅಲಾರಂ ಇಟ್ಟಿದ್ದಳು. ಎದ್ದದ್ದೂ ಹೌದು. ಆದರೆ ದೊಡ್ಡ ಮನೆಯ ಸೊಸೆ ಎದ್ದ ಕೂಡಲೇ ಹೊಸ್ತಿಲು ದಾಟುವುದೆಂದರೆ ಎಲ್ಲಿಯ ಮಾತು! ಅಂಗಳಕ್ಕೆ ನೀರು ಹೊಡೆದು, ಹಾಲು ಕಾಸಿ, ಅತ್ತೆ ಸಿದ್ದವ್ವನ ಪೂಜೆಗೆ ಹೂ ಹರಿದುಕೊಟ್ಟು, ಗಜೇಂದ್ರಗಡದ ಪೇಟೆಗೆ ಹೊರಟ ಗಂಡನಿಗೆ ಬುತ್ತಿ ಕಟ್ಟಿ, ಮಾವ ಗುರುಸಂಗಪ್ಪನವರಿಗೆ ಎರಡನೆಯ ಸಲದ ಚಹಾ ಕೊಡುವಷ್ಟರಲ್ಲಿ ಎಂಟು ಹೊಡೆದಿತ್ತು.

"ಇನ್ನೂ ಇಲ್ಲೇ ಅದಿಯಲ್ಲ ಯವ್ವಾ?" ಎಂದರು ಮಾವ. "ಒಂದು ಫೋನ್ ಹಚ್ಚಲೇನು? ಸಾಲಿ ಕಂಪೌಂಡಿಗೆ ಜಾಗಾ ಬಿಟ್ಟಾಂವ ನಾನು. ನನ್ನ ಮೊಮ್ಮಗಗ ಸೀಟಿಲ್ಲ ಅಂತಾನೇನು ಆ ಅಯ್ಯಪ್ಪ ಮಾಸ್ತರ?"

"ಬ್ಯಾಡ್ರಿ ಮಾವಾರ. ಫೋನಿನ ಸೀಟು ನನಗ ಬ್ಯಾಡ. ಎಲ್ಲಾರ ಹಂಗ ನಾನೂ ಪಾಳಿ ಹಚ್ಚತೀನಿ."

"ಹಚ್ಚು ಹಚ್ಚು. ಆ ಗೋವಾಕ್ಕ ದುಡಿಯಾಕ ಹೋಗೂ ಮಂದಿ ನಸಕಿನ್ಯಾಗ ಬಂದು ಹಚ್ಚಿರತಾರ ನೋಡು. ಸೀಟು ಅವರು ಹಿಡಿಯೂದು, ದೀಪಾವಳಿಗೆ ಮಕ್ಕಳನ್ನ ಎಬ್ಬಿಸಿಕೊಂಡು ಹೋಗೂದು. ಜಾಗಾ ಖಾಲಿ ಬೀಳೂದು. ಯಾರಿಗೆ ಬಂತು ಉಪಯೋಗ?"

ತಾನು ಮಾವನ ಹಾಗಲ್ಲ, ನ್ಯಾಯದ ಹೆಣ್ಣು ಎಂಬ ಸಣ್ಣ ಹೆಮ್ಮೆ ಸುವರ್ಣಾಳಿಗೆ ಮೊದಲಿನಿಂದ ಇತ್ತು. ಆ ಹೆಮ್ಮೆಯಲ್ಲೇ ಹೊಸ ಚಪ್ಪಲಿ ಮೆಟ್ಟಿ ಹೊರಟಳು.

ಊರ ಸರಕಾರಿ ಶಾಲೆಯಲ್ಲಿ ಎರಡು ವರ್ಷದಿಂದ ಒಂದನೇ ತರಗತಿಗೆ ದ್ವಿಭಾಷಾ ವಿಭಾಗ ನಡೆದಿತ್ತು. ಅರ್ಧ ದಿನ ಕನ್ನಡ, ಅರ್ಧ ದಿನ ಬರೀ ಇಂಗ್ಲಿಷ್. ಮಧ್ಯಾಹ್ನದ ನಂತರ ನೀರು ಕೇಳುವುದಿದ್ದರೂ ಮಕ್ಕಳು ಇಂಗ್ಲಿಷಿನಲ್ಲೇ ಕೇಳಬೇಕು, ಜಗಳ ಆಡುವುದಿದ್ದರೂ ಅದರಲ್ಲೇ ಆಡಬೇಕು. ಊರವರು ಮೊದಮೊದಲು ನಕ್ಕರು. ಆಮೇಲೆ ಜನವರಿಯಲ್ಲಿ ಮಕ್ಕಳು ಶಾಲೆಯ ಅಂಗಳದಲ್ಲಿ ಕಾಯಿಪಲ್ಲೆ ಸಂತೆ ಹೂಡಿದರು. ಸೌತೆಕಾಯಿ ಮಾರುತ್ತಿದ್ದ ಒಂದು ಹುಡುಗಿ ರೋಣದಿಂದ ಬಂದ ಶಿಕ್ಷಣ ಇಲಾಖೆಯ ಸಾಹೇಬರೊಡನೆ ಇಂಗ್ಲಿಷಿನಲ್ಲಿ ಪಟಪಟ ಮಾತಾಡಿ, ಹಾಗೇ ತಿರುಗಿ ತನ್ನ ಅಜ್ಜಿಯೊಡನೆ ಕನ್ನಡದಲ್ಲಿ ಚೌಕಾಶಿಗೆ ನಿಂತಳು. ಅದನ್ನು ಕಣ್ಣಾರೆ ಕಂಡ ಮೇಲೆ ಯಾರೂ ನಗಲಿಲ್ಲ. ಸುವರ್ಣಾಳ ಮಗ ಚಿನ್ನು ವರ್ಷವಿಡೀ ವ್ಯಾನಿನಲ್ಲಿ ವಾಂತಿ ಮಾಡಿಕೊಳ್ಳುತ್ತ ರೋಣದ ಕಾನ್ವೆಂಟಿಗೆ ಹೋಗಿ ಬಂದರೂ ಒಂದು ಇಂಗ್ಲಿಷ್ ಪದ್ಯದ ಆಚೆ ಏನೂ ಬಾಯಿಬಿಡುತ್ತಿರಲಿಲ್ಲ. ಮಗನನ್ನು ಈ ಸಲ ಇಲ್ಲಿಯೇ ಹಾಕಬೇಕೆಂದು ಅವಳು ಅಂದೇ ಗಟ್ಟಿ ಮಾಡಿಕೊಂಡಿದ್ದಳು.

ಆದರೆ ಸೀಟು ಮೂವತ್ತೇ. ಇಂದು ಮಧ್ಯಾಹ್ನ ಎರಡಕ್ಕೆ ಮೂವತ್ತು ಫಾರ್ಮು ಕೊಡುವುದಾಗಿ, ಮೊದಲು ಬಂದವರಿಗೆ ಮೊದಲೆಂದು ಹೆಡ್ ಮಾಸ್ತರ ಅಯ್ಯಪ್ಪನವರು ಬಾಗಿಲಿಗೆ ಚೀಟಿ ಅಂಟಿಸಿದ್ದರು. ದಿನವಿಡೀ ನಿಲ್ಲಲು ಯಾರಿಗೆ ಪುರಸೊತ್ತಿದೆ? ರೇಷನ್ ಅಂಗಡಿಯ ಮುಂದೆ ಮಾಡುವ ಹಾಗೆಯೇ ಇಲ್ಲಿಯೂ ಚಪ್ಪಲಿ ಬಿಟ್ಟು ಹೋಗಿದ್ದರು. ಚಪ್ಪಲಿ ಬಿಟ್ಟವರು ಪಾಳಿಯಲ್ಲಿದ್ದಾರೆಂದೇ ಊರಿನ ಲೆಕ್ಕ. ನಾಯಿ ಕಚ್ಚಿಕೊಂಡು ಹೋಗದಂತೆ ಪ್ರತಿ ಜೋಡಿಯ ಮೇಲೂ ಒಂದೊಂದು ಕಲ್ಲು ಬೇರೆ.

ಸುವರ್ಣಾ ಎಣಿಸಿದಳು. ಮೂವತ್ತು ಜೋಡಿ. ಮತ್ತೊಮ್ಮೆ ಎಣಿಸಿದಳು. ಮತ್ತೂ ಮೂವತ್ತೇ. ಅಯ್ಯೋ ಶಿವನೇ, ಒಂದೇ ಒಂದರಲ್ಲಿ ತಪ್ಪಿತಲ್ಲ!

ಅಂಗಳದಲ್ಲಿ ನರಪಿಳ್ಳೆ ಇರಲಿಲ್ಲ. ಹದಿನೇಳನೆಯ ಜೋಡಿಯ ಮೇಲೆ ಅವಳ ಕಣ್ಣು ನಿಂತಿತು. ಕೆಂಪು ಪಟ್ಟಿ, ಬಲಗಾಲಿನದಕ್ಕೆ ಮಾತ್ರ ಉಳಿದ ಹಿತ್ತಾಳೆ ಬಣ್ಣದ ಹೂವು, ಎಡಗಾಲಿನದಕ್ಕೆ ಚೀಲದ ದಾರದ ಹೊಲಿಗೆ. ಕಳೆದ ದೀಪಾವಳಿಗೆ ಅವಳೇ ತನ್ನ ಹೊಲದ ಆಳು ಗಾಳೆವ್ವನಿಗೆ ಕೊಟ್ಟ ಹಳೆಯ ಚಪ್ಪಲಿ ಅದು. ಗಾಳೆವ್ವನ ಮಗ ದ್ಯಾವಪ್ಪ ಹೆಂಡತಿ ಮಕ್ಕಳೊಡನೆ ಗೋವಾದಲ್ಲಿ ಕಟ್ಟಡದ ಕೆಲಸ ಮಾಡುವವನು. ಬೇಸಿಗೆಗೆ ಬಂದಿದ್ದ, ಇನ್ನೇನು ಹೊರಡುವವನಿದ್ದ. ಮಾವ ಹೇಳಿದ್ದು ಸುಳ್ಳೇನಲ್ಲ ಎನಿಸಿತು. ಹೇಗೂ ಖಾಲಿ ಬೀಳುವ ಜಾಗ. ಹೇಗೂ ಚಪ್ಪಲಿಯೂ ತನ್ನದೇ. ಮನಸ್ಸು ಎಂಥ ವಕೀಲ ನೋಡಿ, ಕೇಳುವ ಮೊದಲೇ ವಾದ ಸಿದ್ಧ ಮಾಡಿಟ್ಟಿತ್ತು.

ಅವಳು ಕಲ್ಲು ತೆಗೆದು, ಆ ಜೋಡಿಯನ್ನು ಕಾಲ ತುದಿಯಿಂದಲೇ ತಳ್ಳುತ್ತ ತಳ್ಳುತ್ತ ಕಡೆಗೆ ಒಯ್ದಳು. ತನ್ನ ಹೊಸ ಜೋಡಿಯನ್ನು ಹದಿನೇಳನೆಯ ಜಾಗದಲ್ಲಿ ಬಿಟ್ಟಳು. ಎರಡರ ಮೇಲೂ ಕಲ್ಲಿಟ್ಟಳು. ಮನೆಗೆ ಬರಿಗಾಲಲ್ಲಿ ನಡೆದಾಗ ನೆಲ ಆಗಲೇ ಬಿಸಿಯಾಗಿತ್ತು. ಮನೆಯಲ್ಲಿ ಇನ್ನೆರಡು ಜೋಡಿ ಇದ್ದವು, ಒಂದನ್ನು ಮೆಟ್ಟಿಕೊಂಡಳು.

ಮಧ್ಯಾಹ್ನ ಹನ್ನೆರಡೂವರೆಗೆ ಅತ್ತೆ ಮಜ್ಜಿಗೆಯ ಕ್ಯಾನು, ರೊಟ್ಟಿಯ ಗಂಟು ಕೊಟ್ಟು ಹೊಲಕ್ಕೆ ಕಳಿಸಿದರು. ಹೆಸರುಕಾಳು ಬಿತ್ತುವ ಮುಂಚೆ ಎರೆ ಹೊಲದಲ್ಲಿ ಹೆಂಗಸರು ಜೋಳದ ಕೂಳೆ ಆರಿಸುತ್ತಿದ್ದರು. ಕೊಯ್ದು ಉಳಿದ ಆ ಮೋಟುಗಳು ಚಪ್ಪಲಿ ಇದ್ದರೂ ಅಂಗಾಲಿಗೆ ಇರಿಯುವಂಥವು. ಸುವರ್ಣಾ ಸ್ಕೂಟಿ ನಿಲ್ಲಿಸಿ ಬದುವಿನ ಬೇವಿನ ಮರದ ಕೆಳಗೆ ಬುತ್ತಿ ಇಳಿಸಿದಳು. ಎಲ್ಲರ ಹಿಂದೆ ಗಾಳೆವ್ವ ಕುಂಟುತ್ತ ಬಂದಳು. ಎರಡೂ ಕಾಲಿಗೆ ಗೊಬ್ಬರದ ಚೀಲದ ತುಂಡು ಸುತ್ತಿ ಹುರಿಯಿಂದ ಕಟ್ಟಿದ್ದಳು. ಎಡಗಾಲಿನ ಚೀಲದಲ್ಲಿ ರಕ್ತ ಇಣುಕಿತ್ತು.

"ಕಾಲಿಗೇನಾತ ಗಾಳೆವ್ವ? ಚಪ್ಪಲಿ ಎಲ್ಲಿ?" ಬಾಯಿಂದ ಬಂದುಬಿಟ್ಟಿತು. ಚಪ್ಪಲಿ ಎಲ್ಲಿವೆಯೆಂದು ಊರಲ್ಲಿ ಅವಳಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

"ಸಾಲಿಗೆ ಹೋಗ್ಯಾವ್ರಿ ಅಕ್ಕಾರ!" ಎಂದಳು ಗಾಳೆವ್ವ. ಹೆಂಗಸರೆಲ್ಲ ಘೊಳ್ಳೆಂದು ನಕ್ಕರು. "ನಾ ಅಂತೂ ಸಾಲಿ ಮಾರಿ ನೋಡಲಿಲ್ಲ, ನನ್ನ ಚಪ್ಪಲಿಯರ ನೋಡಲಿ ಅಂತ ಕಳಿಸೇನ್ರಿ. ನಸಕಿನ್ಯಾಗ ಐದಕ್ಕ ಹೋಗಿ ಇಟ್ಟ ಬಂದೆ. ಹದಿನೇಳನೇ ನಂಬರ. ಎರಡ ಸಲ ಬೆರಳ ಮಡಿಚಿ ಎಣಿಸೇನಿ."

ಸುವರ್ಣಾ ಮಜ್ಜಿಗೆ ಬಗ್ಗಿಸುತ್ತ ಮುಖ ಎತ್ತದೆ ಕೇಳಿದಳು, "ದ್ಯಾವಪ್ಪ ಹೆಂಗೂ ಗೋವಾಕ್ಕ ಹೊಂಟಾನಲ್ಲ. ನಡುವ ಹುಡುಗಿನ್ನ ಬಿಡಿಸಿಕೊಂಡು ಹೋದ್ರ ಸೀಟು ಹಾಳಾಗೂದಿಲ್ಲೇನು?"

"ಹಾಳಾಕ್ಕೈತ್ರಿ. ಸುಳ್ಳ ಯಾಕ ಹೇಳಲಿ? ಹೋದ ವರ್ಷ ಅಂಗನವಾಡಿಯಿಂದ ಹಂಗ ಎಬ್ಬಿಸಿಕೊಂಡ ಹೋದ. ಅದಕ್ಕ ಈ ಸಲ ಕರಾರ ಮಾಡಿಸೇನಿ. ಆ ಇಂಗ್ಲಿಷ್ ಸಾಲ್ಯಾಗ ಜಾಗಾ ಸಿಕ್ಕರ ಮೊಮ್ಮಗಳು ಭಾರತಿ ನನ್ನ ಕಡೆ ಇರತಾಳ. ಸಿಗಲಿಲ್ಲಂದ್ರ ಶುಕ್ರವಾರದ ಬಸ್ಸಿಗೆ ಅವರ ಕೂಡ ಹೊಕ್ಕಾಳ. ಸೊಸಿ ಮಂಜು ಕಾಂಕ್ರೀಟ್ ಹೊರೂ ಮುಂದ ಸಣ್ಣ ಕೂಸು ಹಿಡಿಯಾಕ ಒಬ್ಬರು ಬೇಕಲ್ರಿ."

"ಕನ್ನಡ ವಿಭಾಗದಾಗ ಯಾರಿಗೂ ಇಲ್ಲ ಅನ್ನೂದಿಲ್ಲ. ಅಲ್ಲಿ ಹಾಕಬಹುದಲ್ಲ?"

"ನಾನೂ ಅದನ್ನ ಅಂದೆ. 'ಕನ್ನಡ ಸಾಲಿ ನಾನೂ ಏಳನೇತ್ತ ತನಕಾ ಕಲತೇನಿ, ಕಲ್ಲ ಹೊರೂದು ತಪ್ಪಿತೇನು?' ಅಂತಾನ್ರಿ. ಕಲತಾಂವಗ ಕಲೀದಾಕಿ ಏನ ಹೇಳಲಿ?" ಗಾಳೆವ್ವ ರೊಟ್ಟಿ ಮುರಿದಳು. "ಆರ ವರ್ಷದ ಹುಡುಗಿ ಅಕ್ಕಾರ. ಅಲ್ಲಿ ಸಿಮೆಂಟ್ ಧೂಳಿನ್ಯಾಗ ದಿನಾ ಕೂಸ ಹೊತಗೊಂಡ ಕುಂದರತಿತ್ತು."

"ನಿನ್ನ ಚಪ್ಪಲಿ ಯಾರರ ಸರಿಸಿದ್ರ?" ಎಂದಳು ಸುವರ್ಣಾ ಮೆಲ್ಲಗೆ.

"ಇಲ್ರಿ, ಸರಸೂದಿಲ್ಲ." ಗಾಳೆವ್ವ ಧೈರ್ಯದಿಂದ ತಲೆಯಾಡಿಸಿದಳು. "ನನ್ನ ಸ್ವಂತದ ಹರಕ ಚಪ್ಪಲಿ ಇದ್ದಿದ್ರ ಸರಸ್ತಿದ್ರೋ ಏನೋ. ಇವು ದೊಡ್ಡಮನಿ ಅಕ್ಕಾರ ಕೊಟ್ಟದ್ದು ಅಂತ ಊರಿಗೆಲ್ಲಾ ಗೊತ್ತೈತಿ. ನಿಮ್ಮ ಹೆಸರಿನ ಮ್ಯಾಲ ಬಿಟ್ಟ ಬಂದೇನ್ರಿ."

ನಾಚಿಕೆ ಎಂದರೆ ಏನೆಂದು ಸುವರ್ಣಾಳಿಗೆ ಆಗ ಗೊತ್ತಾಯಿತು. ಮಾವನ ಫೋನು ಬೇಡವೆಂದವಳು ತಾನೇ. ಫೋನಾದರೂ ಮಾವ ಎದುರಿಗೇ ಹೇಳಿ ಮಾಡುತ್ತಿದ್ದರು. ತಾನು ಮಾಡಿದ್ದು ಅದಕ್ಕಿಂತ ಕಡೆ.

"ಲಗೂ ಊಟ ಮಾಡು. ನನ್ನ ಗಾಡಿ ಮ್ಯಾಲ ಕರಕೊಂಡ ಹೋಗತೀನಿ," ಎಂದಳು. ಬೇಗ ಹೋದರೆ ಯಾರೂ ಬರುವ ಮೊದಲೇ ಎರಡೂ ಜೋಡಿಯನ್ನು ಮೊದಲಿದ್ದಲ್ಲಿ ಇಟ್ಟುಬಿಡಬಹುದು. ಗಾಳೆವ್ವನನ್ನು ಗೇಟಿನ ಹೊರಗೆ ಇಳಿಸಿ ಒಂದು ನಿಮಿಷ ಮೊದಲು ತಾನು ಒಳಗೆ ಹೋದರಾಯಿತು. ಯಾರಿಗೂ ಗೊತ್ತಾಗುವುದಿಲ್ಲ. ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು. ಹಿಂದೆ ಕುಳಿತ ಗಾಳೆವ್ವ, ಬಿದ್ದೇನೆಂಬ ಹೆದರಿಕೆಗೆ ಅವಳ ಭುಜ ಗಟ್ಟಿಯಾಗಿ ಹಿಡಿದಿದ್ದಳು.

ಶಾಲೆಯ ಅಂಗಳ ತುಂಬಿಹೋಗಿತ್ತು. ರೋಣದ ಸಾಹೇಬರು ಬೇಗ ಬಂದಿದ್ದರಿಂದ ಜನವೂ ಬೇಗ ಬಂದು ತಮ್ಮ ತಮ್ಮ ಚಪ್ಪಲಿಯ ಹತ್ತಿರ ನಿಂತಿದ್ದರು. ಕಂಪೌಂಡಿನ ನೆರಳಲ್ಲಿ ಭಾರತಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ಅಜ್ಜಿಯ ದಾರಿ ಕಾಯುತ್ತಿದ್ದಳು. ಕೂಸು ಜಾರಿದಾಗೆಲ್ಲ ಸೊಂಟ ಕುಲುಕಿಸಿ ಮೇಲೇರಿಸಿಕೊಳ್ಳುತ್ತಿದ್ದಳು.

ಗಾಳೆವ್ವ ಬೆರಳು ಮಡಿಚುತ್ತ ಹದಿನೇಳನೆಯ ಜಾಗಕ್ಕೆ ಹೋದಳು. ಹೊಸ ಚಪ್ಪಲಿ ಕಂಡು ನಿಂತಳು. "ಇವು ನಿಮ್ಮವಲ್ರಿ ಅಕ್ಕಾರ?" ಎಂದು ನಕ್ಕಳು. ಆಮೇಲೆ ಬಗ್ಗಿ ಒಂದೊಂದೇ ಜೋಡಿ ನೋಡುತ್ತ ಕೆಳಗೆ ಕೆಳಗೆ ಹೋದಳು. ಕಡೆಯಲ್ಲಿ ತನ್ನದು ಕಂಡಿತು. ಮತ್ತೆ ಮೇಲಿನಿಂದ ಎಣಿಸಿದಳು. ಅವಳ ಮುಖ ಸಣ್ಣದಾಯಿತು.

"ಎಷ್ಟನೇದು ಗಾಳೆವ್ವ?" ಎಂದು ಕೇಳಿದರು ಅಯ್ಯಪ್ಪ ಮಾಸ್ತರರು.

"ಹದಿನೇಳ ಅಂತ ಮಾಡಿದ್ನಿರಿ ಸರ." ಅವಳು ಯಾರ ಮುಖವನ್ನೂ ನೋಡಲಿಲ್ಲ. "ನನ್ನ ಎಣಿಕಿನ ತಪ್ಪಿರಬೇಕು. ಓದಲಾರದಾಕಿ ನಾನು, ಕತ್ತಲಾಗ ಎಣಿಸೇನಿ."

ಇಷ್ಟಕ್ಕೆ ಸುಮ್ಮನಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಚಿನ್ನುವಿಗೆ ಸೀಟು, ಮನೆಗೆ ಮರ್ಯಾದೆ. ಆದರೆ ಆ ಮುದುಕಿ ತನ್ನ ಬೆರಳುಗಳನ್ನೇ ಕಳ್ಳರೆಂಬಂತೆ ನೋಡಿಕೊಳ್ಳುತ್ತಿದ್ದುದನ್ನು ಸುವರ್ಣಾಳಿಗೆ ತಾಳಿಕೊಳ್ಳಲಾಗಲಿಲ್ಲ.

"ನಿನ್ನ ಎಣಿಕಿ ತಪ್ಪಿಲ್ಲ ಗಾಳೆವ್ವ," ಎಂದಳು. ಎಲ್ಲರಿಗೂ ಕೇಳಿಸಿತು. "ಹದಿನೇಳನೇದ ಇತ್ತು. ಮುಂಜಾನೆ ನಾನ ಸರಿಸಿದೆ."

ಸುವರ್ಣಾ ಕಡೆಯವರೆಗೆ ನಡೆದು, ಹರಿದ ಚಪ್ಪಲಿಯನ್ನು ಎರಡೂ ಕೈಯಿಂದ ಎತ್ತಿಕೊಂಡು ಬಂದಳು. ತನ್ನದನ್ನು ತೆಗೆದು ಆ ಜಾಗದಲ್ಲಿ ಅದನ್ನಿಟ್ಟಳು. ದೊಡ್ಡ ಮನೆಯ ಸೊಸೆ ಆಳಿನ ಚಪ್ಪಲಿ ಕೈಯಲ್ಲಿ ಹಿಡಿದದ್ದನ್ನು ಊರು ಮೊದಲ ಸಲ ನೋಡಿತು. ಯಾರೋ ಹಿಂದೆ ಏನೋ ಪಿಸುಗುಟ್ಟಿದರು. ಅವಳು ತಿರುಗಿ ನೋಡಲಿಲ್ಲ. ಎಲ್ಲರ ಹಿಂದೆ, ಮೂವತ್ತೊಂದನೆಯವಳಾಗಿ ನಿಂತಳು.

ಅವಳ ಪಾಳಿ ಬಂದಾಗ ಮೇಜಿನ ಮೇಲೆ ಫಾರ್ಮು ಮುಗಿದಿದ್ದವು. ಅಯ್ಯಪ್ಪ ಮಾಸ್ತರರು ದನಿ ತಗ್ಗಿಸಿ, "ಗುರುಸಂಗಪ್ಪ ಯಜಮಾನರಿಗೊಂದು ಮಾತು ಹೇಳಲೇನ್ರಿ ಅಕ್ಕಾರ? ಏನರ ದಾರಿ ಸಿಗತೈತಿ" ಎಂದರು.

"ಬ್ಯಾಡ್ರಿ ಸರ. ಕನ್ನಡ ವಿಭಾಗದ್ದೊಂದು ಕೊಡ್ರಿ. ಚಿನ್ನು ಇದ ಸಾಲಿಗೆ ಬರತಾನ."

ಹೊರಗೆ ಕಟ್ಟೆಯ ಮೇಲೆ ಗಾಳೆವ್ವ ಕುಳಿತಿದ್ದಳು. ಕಾಲಿನ ಚೀಲ ಬಿಚ್ಚಿದ್ದಳು, ಆದರೆ ಚಪ್ಪಲಿ ಮೆಟ್ಟಿರಲಿಲ್ಲ. ಪಕ್ಕದಲ್ಲಿ ಇಟ್ಟುಕೊಂಡಿದ್ದಳು. ಸುವರ್ಣಾ ಎದುರು ನಿಂತಳು.

"ಹೊಲದಾಗ ಹೇಳಬೇಕಿತ್ತರಿ," ಎಂದಳು ಗಾಳೆವ್ವ. "ಅಷ್ಟು ಕೇಳಿದ್ರಿ ನನ್ನ. ಆವಾಗರ ಹೇಳಬೇಕಿತ್ತು."

"ಹೌದು. ಹೇಳಬೇಕಿತ್ತು."

ಗಾಳೆವ್ವ ಮಡಿಲಿನಿಂದ ಫಾರ್ಮು ತೆಗೆದು ಮುಂದೆ ಹಿಡಿದಳು. "ಬರಕೊಡ್ರಿ."

ಸುವರ್ಣಾ ಪಕ್ಕದಲ್ಲಿ ಕುಳಿತು ಬರೆದಳು. ಹಿಂದೆ ಮಹಿಳಾ ಸಂಘದ ಕಾಗದ, ಬ್ಯಾಂಕಿನ ಕಾಗದ ಎಷ್ಟೋ ಬರೆದುಕೊಟ್ಟಿದ್ದಳು. ತೋರಿಸಿದಲ್ಲಿ ಗಾಳೆವ್ವ ಸುಮ್ಮನೆ ಹೆಬ್ಬೆಟ್ಟು ಒತ್ತಿ ಏಳುತ್ತಿದ್ದಳು, ಏನು ಬರೆದಿದೆಯೆಂದು ಒಂದು ದಿನವೂ ಕೇಳಿದವಳಲ್ಲ. ಇಂದು ಹೆಬ್ಬೆಟ್ಟು ಹಿಂದೆಯೇ ನಿಂತಿತು.

"ಏನ ಬರದೀರಿ, ಓದ್ರಿ."

ಸುವರ್ಣಾ ಓದಿದಳು. ಮಗುವಿನ ಹೆಸರು ಭಾರತಿ. ತಂದೆ ದ್ಯಾವಪ್ಪ. ತಾಯಿ ಮಂಜು. ಮಗು ಇರುವುದು ಅಜ್ಜಿ ಗಾಳೆವ್ವನ ಮನೆಯಲ್ಲಿ. ಸೇರುವ ವಿಭಾಗ, ದ್ವಿಭಾಷಾ.

ಗಾಳೆವ್ವ ಮೊಮ್ಮಗಳನ್ನು ಹತ್ತಿರ ಕರೆದಳು. ಅವಳ ಸೊಂಟದ ಮೇಲಿನ ಕೂಸನ್ನು ಇಳಿಸಿ ತನ್ನ ತೊಡೆಯ ಮೇಲೆ ಕೂಡಿಸಿಕೊಂಡಳು.

"ಕೈ ಖಾಲಿ ಆತಲ್ಲ, ಕುಂದರು. ನಿನ್ನ ಹೆಸರೈತಿ ಅದರಾಗ, ನೀನೂ ನೋಡು," ಎಂದು ಹುಡುಗಿಗೆ ಹೇಳಿ, ಸುವರ್ಣಾಳತ್ತ ತಿರುಗಿದಳು. "ಇನ್ನೊಮ್ಮೆ ಓದ್ರಿ."

ಸುವರ್ಣಾ ಪ್ರತಿ ಅಕ್ಷರದ ಕೆಳಗೂ ಬೆರಳಿಟ್ಟು, ಮೊದಲಿನಿಂದ ನಿಧಾನವಾಗಿ ಓದತೊಡಗಿದಳು.